ಪ್ರೊಫೆಸರ್ ಕಂಪ್ಯೂಟರ್ ಬಿಚ್ಚಿದ್ದು

"ಹಾಯ್ ಫ್ರೆಂಡ್ಸ್! ಇವತ್ತು ಒಂದು ಕಂಪ್ಯೂಟರನ್ನ ಪೂರ್ತಿ ಬಿಚ್ಚಿ, ಕ್ಲೀನ್ ಮಾಡಿ, ವಾಪಸ್ ಜೋಡಿಸೋಣ. ತುಂಬಾ ಈಸಿ!"

ಬಿಸ್ಕತ್ತಿನ ಡಬ್ಬಿಗೆ ಒರಗಿಸಿಟ್ಟ ಮೊಬೈಲಿನ ಮುಂದೆ ಕುಳಿತು ಪ್ರೊಫೆಸರ್ ಹೀಗೆ ಶುರು ಮಾಡಿದಳು. ಓದುತ್ತಿದ್ದದ್ದು ಆರನೇ ಕ್ಲಾಸು. ಯಾರು ಕೇಳಲಿ, ಬಿಡಲಿ, ಪಾಠ ಹೇಳುತ್ತಿದ್ದಳೆಂದು ಅಜ್ಜಿ ಇಟ್ಟ ಹೆಸರು ಅದು. ಹೆಸರಿನಲ್ಲಿ ತಮಾಷೆ ಇದೆ ಎಂದು ಅವಳಿಗೆ ಇನ್ನೂ ಹೊಳೆದಿರಲಿಲ್ಲ.

"ಎಲ್ಲೇ ಫ್ರೆಂಡ್ಸು? ಇಲ್ಲಿ ನಾನೊಬ್ಳೇ ಇರೋದು," ಎಂದಳು ಮಂಚದ ಮೇಲೆ ಕುಳಿತಿದ್ದ ಅಜ್ಜಿ.

"ಶ್! ರೆಕಾರ್ಡಿಂಗ್ ಆಗ್ತಿದೆ ಅಜ್ಜಿ."

ಕಂಪ್ಯೂಟರ್ ಅಮ್ಮನದು. ಅಮ್ಮ ಮನೆಗಳ ಪ್ಲಾನ್ ಬರೆಯುವವಳು. ಈಚೆಗೆ ಅದು ಬಿಸಿಯಾಗಿ, ಗೊರಗೊರ ಎಂದು, ಕೆಲಸದ ನಡುವೆಯೇ ಕಣ್ಣು ಮುಚ್ಚುತ್ತಿತ್ತು. ಹೊಸದು ಬೇಕೇ ಬೇಕಿತ್ತು.

"ಅಂಗಡೀಲಿ ರೆಡಿ ಇರೋದನ್ನೇ ತರೋಣ. ಪ್ಲಗ್ ಹಾಕಿದ್ರೆ ಆಯ್ತು," ಎಂದಿದ್ದಳು ಅಮ್ಮ.

"ರೆಡಿನಾ? ಅಯ್ಯೋ ಅಮ್ಮ! ಒಂದೊಂದೇ ಪಾರ್ಟ್ ಆರಿಸಿ ತಂದ್ರೆ ನಿಂಗೆ ಬೇಕಾದ ಹಾಗೇ ಇರುತ್ತೆ. ನಾನೇ ಜೋಡಿಸ್ತೀನಿ. ಎಷ್ಟು ವಿಡಿಯೋ ನೋಡಿದೀನಿ ಗೊತ್ತಾ?"

ಕ್ಲಾಸಿನಲ್ಲೂ ಡಂಗುರ ಸಾರಿಯಾಗಿತ್ತು. ಅಂಗಡಿಗೆ ಹೋಗುವುದು ನಾಳೆ. ಅಷ್ಟರೊಳಗೆ ಅಮ್ಮ ತೀರ್ಮಾನ ಹೇಳಬೇಕು. ಈಗ ಅಮ್ಮ ಯಾರದೋ ಸೈಟ್ ಅಳೆಯಲು ಹೋಗಿದ್ದಳು. ಬರುವಷ್ಟರಲ್ಲಿ ಹಳೆಯದನ್ನು ಬಿಚ್ಚಿ ಜೋಡಿಸಿ ತೋರಿಸಿದರೆ ಅಮ್ಮ ಮರುಮಾತಾಡಲಾರಳು. ಇದು ಪ್ರೊಫೆಸರಳ ಉಪಾಯ. ಅಮ್ಮನನ್ನು ಕೇಳಬೇಕು ಎನ್ನುವುದು ಉಪಾಯದಲ್ಲಿ ಇರಲಿಲ್ಲ.

ಬಿಚ್ಚುವುದೇನೋ ನಿಜಕ್ಕೂ ಈಸಿ. ಸ್ಕ್ರೂ ತಿರುಗಿಸಿದಳು, ಮುಚ್ಚಳ ಬಂತು. ವೈರು ಎಳೆದಳು, ಬಂತು. ಫ್ಯಾನಿನಿಂದ ಉಂಡೆಗಟ್ಟಿದ ಧೂಳು ಬಂತು. ಅಜ್ಜಿಗೆ ಸೀನು ಬಂತು.

"ಇದು ರ‍್ಯಾಮ್, ಫ್ರೆಂಡ್ಸ್," ಎಂದು ಕ್ಯಾಮೆರಾ ನೋಡಿ ಹುಬ್ಬು ಹಾರಿಸಿದಳು.

ಜೋಡಿಸುವಾಗ ದೊಡ್ಡ ವೈರುಗಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಕೊನೆಗೆ ದಾರದಷ್ಟು ಸಣ್ಣ ನಾಲ್ಕು ವೈರುಗಳು ಉಳಿದವು. ವೈರುಗಳೆಲ್ಲ ಬಂದು ಸೇರುವ ದೊಡ್ಡ ಬೋರ್ಡಿನ ಮೂಲೆಯಲ್ಲಿ ಸೂಜಿಯಂಥ ಕಡ್ಡಿಗಳ ಸಾಲಿತ್ತು. ಯಾವುದಕ್ಕೆ ಯಾವುದು? ವಿಡಿಯೋಗಳಲ್ಲಿ ಈ ಭಾಗ ಬಂದಾಗಲೆಲ್ಲ ಅವಳು "ಬೋರು" ಎಂದು ಮುಂದಕ್ಕೆ ಓಡಿಸಿದ್ದಳು. ಈಗ ಅಂದಾಜಿನಲ್ಲಿ ಸಿಕ್ಕಿಸಿದಳು. ಬಟನ್ ಒತ್ತಿದಳು.

ಕಂಪ್ಯೂಟರ್ ಕಮಕ್ ಕಿಮಕ್ ಎನ್ನಲಿಲ್ಲ.

"ಪ್ಲಗ್ ಹಾಕಿದ್ಯಾ?" ಅಜ್ಜಿ ಕೇಳಿದಳು.

"ಹಾಕಿದೀನಿ ಅಜ್ಜಿ!"

ಆಗ ನೆನಪಾಯಿತು. ಅಮ್ಮ ನಾಳೆ ಬೆಳಿಗ್ಗೆ ಒಂದು ಮನೆಯ ಪ್ಲಾನ್ ಕೊಡಬೇಕು. ಅದು ಇದರೊಳಗೇ ಇದೆ. ಪ್ರೊಫೆಸರ್ ಮತ್ತೆ ಮತ್ತೆ ಬಟನ್ ಒತ್ತಿದಳು.

ಅಷ್ಟರಲ್ಲಿ ಬುದ್ಧಿ ಓಡಿತು. ವಿಡಿಯೋ ಇದೆಯಲ್ಲ! ಯಾವ ವೈರು ಎಲ್ಲಿತ್ತು ಎಂದು ನೋಡಿದರೆ ಮುಗಿಯಿತು.

ವಿಡಿಯೋ ಹಾಕಿದಳು. ಅದರಲ್ಲಿ ಅವಳ ಮುಖವಿತ್ತು. ಮುಂದೆ ಓಡಿಸಿದಳು. ಅಲ್ಲೂ ಮುಖ. ನಗುವ ಮುಖ, ಹುಬ್ಬು ಹಾರಿಸುವ ಮುಖ, "ತುಂಬಾ ಈಸಿ" ಎನ್ನುವ ಮುಖ. ಕಂಪ್ಯೂಟರ್ ಮಾತ್ರ ಹುಡುಕಿದರೂ ಇಲ್ಲ.

"ಅಜ್ಜಿ, ಬರೀ ನನ್ ಮುಖಾನೇ ಬಂದಿದೆ."

"ಚೆನ್ನಾಗೇ ಬಂದಿದೀಯಲ್ಲ, ಬಿಡು," ಎಂದಳು ಅಜ್ಜಿ.

ಪ್ರೊಫೆಸರಳಿಗೆ ಆ ಮುಖಕ್ಕೆ ಎರಡು ಬಾರಿಸಬೇಕು ಅನ್ನಿಸಿತು. ಆದರೆ ಅದು ಅವಳದೇ ಮುಖವಾಗಿತ್ತು.

ಬಾಗಿಲ ಸದ್ದಾಯಿತು. ಅಮ್ಮ ಅಳತೆಯ ಟೇಪನ್ನು ಮೊಳೆಗೆ ತೂಗುಹಾಕುವ ಮೊದಲೇ ಪ್ರೊಫೆಸರ್ ಎದುರು ಹೋಗಿ ನಿಂತಳು.

"ಅಮ್ಮ, ನಾನು ಕಂಪ್ಯೂಟರ್ ಬಿಚ್ಚಿದೆ. ಆನ್ ಆಗ್ತಿಲ್ಲ. ನಂಗೆ... ನಂಗೆ ಗೊತ್ತಾಗ್ತಿಲ್ಲ."

ಆ ಮನೆಯಲ್ಲಿ ಅವಳ ಬಾಯಿಂದ ಇಂಥ ಮಾತು ಯಾರೂ ಕೇಳಿರಲಿಲ್ಲ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿದಳು.

ಅಮ್ಮನ ಮುಖ ಬಿಗಿಯಾಯಿತು. "ಕೇಳಿ ಬಿಚ್ಚಬೇಕಿತ್ತು," ಎಂದಳು. ಅಷ್ಟೇ. ಚೆನ್ನಾಗಿ ಬೈದಿದ್ದರೆ ವಾಸಿಯಿತ್ತು.

ಆಮೇಲೆ ಅಮ್ಮ ಪ್ಲಗ್ ಕಿತ್ತು, ಪ್ಲಾನಿನ ಸಣ್ಣ ಅಂಕಿಗಳನ್ನು ನೋಡುವ ಭೂತಗನ್ನಡಿ ತಂದು, ನೆಲದ ಮೇಲೆ ಕುಳಿತಳು. "ಟಾರ್ಚ್ ಹಿಡಿ."

ಅವಳು ಟಾರ್ಚ್ ಹಿಡಿದಳು.

"ಕಡ್ಡಿ ಪಕ್ಕದಲ್ಲೇ ಬರ್ದಿದಾರೆ ನೋಡು. ಪಿ, ಡಬ್ಲ್ಯೂ, ಆರ್... ಏನೇ ಇದು?"

"ಪವರ್ ಬಟನ್ ಅಮ್ಮ! ಈ ವೈರಿನ ತುದೀಲೂ ಪವರ್ ಅಂತ ಇದೆ!"

"ಇಷ್ಟು ಹೊತ್ತು ಕಾಣ್ಲಿಲ್ವಾ?"

"ನಾನು ಮೊಬೈಲ್ ನೋಡ್ತಿದ್ದೆ."

ಅಮ್ಮ ಓದಿದಳು, ಅವಳು ಅರ್ಥ ಹೇಳಿದಳು. ನಾಲ್ಕೂ ವೈರು ಕೂತವು. ಬಟನ್ ಒತ್ತಿದಾಗ ಫ್ಯಾನು ಗೊರಗೊರ ಇಲ್ಲದೆ ತಿರುಗಿತು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಅಮ್ಮನ ಪ್ಲಾನು ಬಂತು. ಅಡುಗೆಮನೆ, ಅದರ ಕಿಟಕಿ, ಎಲ್ಲ ಇದ್ದಲ್ಲೇ ಇತ್ತು. ಪ್ರೊಫೆಸರಳಿಗೆ ಅಳು ಬಂದೇಬಿಟ್ಟಿತು.

"ಈಗ ಹೇಳಮ್ಮ," ಎಂದಳು ಅಮ್ಮ. "ನಾಳೆ ರೆಡಿ ತರೋದಾ, ಪಾರ್ಟ್ ತರೋದಾ?"

ದೊಡ್ಡದೊಂದು ಪಾಠ ಗಂಟಲವರೆಗೆ ಬಂತು. ಅವಳು ನುಂಗಿಕೊಂಡಳು.

"ನೀನೂ ಪಕ್ಕದಲ್ಲಿ ಕೂತ್ಕೊಳ್ತೀಯಾ?"

"ಕೂತ್ಕೊಳ್ತೀನಿ."

"ಹಾಗಾದ್ರೆ ಪಾರ್ಟ್ ತರೋಣ. ಇಲ್ದಿದ್ರೆ ರೆಡಿನೇ ವಾಸಿ ಅಮ್ಮ."

ಮರುದಿನ ಸಂಜೆ ನೆಲದ ತುಂಬ ರಟ್ಟಿನ ಡಬ್ಬಗಳು. ಪ್ರೊಫೆಸರ್ ಮೊಬೈಲನ್ನು ಬಿಸ್ಕತ್ತಿನ ಡಬ್ಬಿಗೆ ಒರಗಿಸಿದಳು. ಪರದೆಯಲ್ಲಿ ತನ್ನ ಮುಖ ಕಂಡಿತು. ಅಭ್ಯಾಸಬಲದಿಂದ ಕೂದಲು ಸರಿ ಮಾಡಿಕೊಂಡಳು. ಆಮೇಲೆ ಮೊಬೈಲನ್ನು ಬೋರ್ಡಿನ ಕಡೆ ತಿರುಗಿಸಿಟ್ಟಳು.

"ಹೀಗಿಟ್ರೆ ನಿನ್ ಮುಖ ಬರಲ್ವಲ್ಲೇ?" ಎಂದಳು ಅಜ್ಜಿ.

"ಹೋದ ಸಲಾನೇ ಬೇಕಾದಷ್ಟು ಬಂದಿದೆ ಅಜ್ಜಿ."

ಅವಳು ಪಕ್ಕಕ್ಕೆ ಸರಿದು ಅಮ್ಮನಿಗೆ ಜಾಗ ಮಾಡಿದಳು. ಭೂತಗನ್ನಡಿಯನ್ನು ಅಮ್ಮನ ಕೈಗಿತ್ತು ಟಾರ್ಚ್ ಹಿಡಿದಳು. "ಮೆಲ್ಲಗೆ ಓದಮ್ಮ," ಎಂದಳು.