ಹುಣಸೆಹಣ್ಣಿನಲ್ಲಿ ತಿಕ್ಕಿದ ಕಾಸು

ಇದನ್ನು ನನ್ನ ಹೆಂಡತಿ ಪಂಕಜಮ್ಮನಿಗೂ ಹೇಳಿಲ್ಲ. ನಾನು ಗುತ್ತಲಿನ ನಿವೃತ್ತ ಚರಿತ್ರೆ ಮೇಷ್ಟ್ರು. ಹಳೆಯ ನಾಣ್ಯ ಸಿಕ್ಕರೆ ಸುತ್ತಲಿನವರು ನನ್ನ ಹತ್ತಿರವೇ ತರುತ್ತಾರೆ. ಬೆಸಗರಹಳ್ಳಿಯ ಚಿಕ್ಕಬೋರಮ್ಮನಿಗೆ ಕಣ್ಣು ಕಾಣುವುದಿಲ್ಲ. ಸೊಸೆಯ ಕೈ ಹಿಡಿದು ಬಂದು, ದೇವರ ಗೂಡಿನಲ್ಲಿದ್ದ ಕಂಚಿನ ಕಾಸೊಂದನ್ನು ಕೊಟ್ಟಳು.

"ಯಾರ ಕಾಸು ಅಂತ ನೋಡೇಳಿ ಮೇಷ್ಟ್ರೇ. ತೊಳೀಬ್ಯಾಡಿ ಮಾತ್ರ."

ರೋಮಿನ ದೊರೆಯದೆಂದು ನೋಡಿದೊಡನೆ ತಿಳಿಯಿತು: ಬಲಕ್ಕೆ ತಿರುಗಿದ ಮುಖ, ಚೂಪು ಮೂಗು, ಸುತ್ತ ಅಕ್ಷರ. ಯಾವ ದೊರೆ ಎಂಬುದು ಮಾತ್ರ ಕಿಲುಬಿನಡಿ ಮುಚ್ಚಿಹೋಗಿತ್ತು. ಹೆಸರು ಹೇಳಿ ಮೆರೆಯುವ ಚಪಲ ನನ್ನದು. ಹುಣಸೆಹಣ್ಣು ಹಚ್ಚಿ ಹೆಬ್ಬೆರಳಿನಲ್ಲಿ ತಿಕ್ಕಿದೆ. ತಣ್ಣೀರಿನಲ್ಲೂ ಕಾಸು ಬೆಚ್ಚಗಿತ್ತು, ಯಾರದೋ ಬಾಯಿಂದ ತೆಗೆದಂತೆ. ಕಿಲುಬಿನ ಜೊತೆ ಅಕ್ಷರವೂ ಮುಖವೂ ಹೋದವು.

ಮರುವಾರ ಬಂದ ಚಿಕ್ಕಬೋರಮ್ಮ ಕಾಸನ್ನು ಹೆಬ್ಬೆರಳಿನಲ್ಲಿ ಸವರಿದಳು. "ಮೂಗಿತ್ತಲ್ಲ ಮೇಷ್ಟ್ರೇ, ಎಲ್ಲೋಯ್ತು?"

"ಮೊದಲಿಂದ್ಲೂ ಸವೆದೇ ಇತ್ತು ಕಣಮ್ಮ," ಎಂದೆ.

ಅವಳು ನನ್ನ ಕೈ ಹಿಡಿದು ಮೂಸಿದಳು. ಕಾಸನ್ನು ಸೆರಗಿಗೆ ಗಂಟು ಹಾಕಿಕೊಂಡು ಹೊರಟಳು. ವಾರವಾದರೂ ಬೆರಳಿನ ಹುಣಸೆ ವಾಸನೆ ಹೋಗಿರಲಿಲ್ಲ.

ನವೆಂಬರಿನಲ್ಲಿ, ಬದುಕಿದ್ದೇನೆಂದು ಪಿಂಚಣಿಯವರಿಗೆ ತೋರಿಸಲು ಹೆಬ್ಬೆಟ್ಟು ಒತ್ತಿದೆ. ಯಂತ್ರ ಒಪ್ಪಲಿಲ್ಲ. ಅಲ್ಲಿದ್ದ ಹುಡುಗಿ ಬೆರಳು ತಿರುಗಿಸಿ ನೋಡಿ, "ಸರ್, ಗೆರೆನೇ ಇಲ್ವಲ್ಲ," ಎಂದಳು.

ಗೆರೆಯಿಲ್ಲ, ನಿಜ. ಆದರೆ ಕಣ್ಣು ಮುಚ್ಚಿ ಸವರಿಕೊಂಡರೆ ಅಲ್ಲಿ ಚೂಪಾದ ಪುಟ್ಟ ಮೂಗೊಂದು ಸಿಗುತ್ತದೆ, ಬೆಚ್ಚಗೆ. ಅದು ಆ ಮೂಗೇ ಹೌದೋ ಅಲ್ಲವೋ ಎಂದು ಹೇಳಬಲ್ಲವಳು ಚಿಕ್ಕಬೋರಮ್ಮ ಒಬ್ಬಳೇ. ಬೆಸಗರಹಳ್ಳಿಗೆ ದಿನವೂ ಬಸ್ಸಿದೆ. ನಾನಿನ್ನೂ ಹತ್ತಿಲ್ಲ.