ಒಂದು ಸ್ಟಾರ್ಟಿಗೆ ಆಗುವಷ್ಟು

ಹಿಮದ ಬಿರುಗಾಳಿ ದಾರಿ ಮುಚ್ಚುವ ಮೊದಲು ಅಕ್ಕನನ್ನು ಬೆಟ್ಟದಿಂದ ಇಳಿಸಬೇಕಿತ್ತು. ಹಿಮದ ಆಳ ಅಳೆಯಲು ಹೋದವಳು ಕಾಲು ಮುರಿದುಕೊಂಡು, ಬೆಟ್ಟದ ನೆತ್ತಿಯಲ್ಲಿ ಕೆಟ್ಟು ನಿಂತ ಹಿಮವಾಹನದೊಳಗೆ ಮಲಗಿದ್ದಳು. ಅವಳ ತಂಗಿ ಮೆಕ್ಯಾನಿಕ್, ಗಂಡ ಡ್ರೈವರ್. ಇಬ್ಬರೂ ಸೊಂಟದವರೆಗಿನ ಹಿಮ ತುಳಿದು, ಎಂಜಿನ್ ಸ್ಟಾರ್ಟ್ ಮಾಡುವ ಸೂಪರ್‌ಕೆಪಾಸಿಟರ್ ಡಬ್ಬಿ ಹೊತ್ತು ಹತ್ತಿದರು. ಮೇಲೆ ಬೂದು ಆಕಾಶ, ಕೆಳಗೆ ಕಣ್ಣು ಕುಕ್ಕುವ ಬಿಳಿ ಇಳಿಜಾರು. ನಡುವೆ ಹಿಡಿದುಕೊಳ್ಳಲು ಒಂದು ಪೊದೆಯೂ ಇರಲಿಲ್ಲ.

ವಾಹನದ ಬ್ಯಾಟರಿ ಸತ್ತಿತ್ತು.

"ಚಳಿಗೆ ಒಳಗಿನ ರಸಾಯನ ಮರಗಟ್ಟಿದೆ ಭಾವ," ಎಂದಳು ತಂಗಿ, ಡಬ್ಬಿಯನ್ನು ಎಂಜಿನ್ನಿಗೆ ಜೋಡಿಸುತ್ತಾ. "ಈ ಡಬ್ಬೀಲಿ ಆ ರಗಳೆ ಇಲ್ಲ. ಕರೆಂಟು ಇಂಗಾಲದ ಮೈಗೆ ಸುಮ್ನೆ ಅಂಟ್ಕೊಂಡಿರುತ್ತೆ. ಬೇಗ ತುಂಬುತ್ತೆ, ಒಂದೇ ಏಟಿಗೆ ಸುರಿಯುತ್ತೆ. ಬಸ್ಸು, ಕ್ರೇನುಗಳಲ್ಲೂ ಹಾಕ್ತಾರೆ. ಆದ್ರೆ ಹಿಡಿಯೋದು ಚೂರೇ ಚೂರು, ಒಂದು ಸ್ಟಾರ್ಟಿಗೆ ಆಗುವಷ್ಟು. ಸ್ಟವ್ ಹಚ್ಚಿ ಎಂಜಿನ್ ಬಿಸಿ ಮಾಡ್ತೀನಿ. ಅಲ್ಲೀವರೆಗೆ ಕೀ ಮುಟ್ಬೇಡಿ."

ಡ್ರೈವರುಗಳ ಬುದ್ಧಿಯೇ ಅಷ್ಟು, ಸೀಟಿನಲ್ಲಿ ಕೂತರೆ ಕೈ ಸುಮ್ಮನಿರದು! ಹಿಂದೆ ಹೆಂಡತಿ ನರಳಿದಳು. ಭಾವ ಕೀ ತಿರುಗಿಸಿಯೇ ಬಿಟ್ಟ.

ಎಂಜಿನ್ ಗರಗರ ಅಂದು ಸುಮ್ಮನಾಯಿತು. ಡಬ್ಬಿ ಖಾಲಿ.

"ಅಯ್ಯೋ, ಏನ್ ಮಾಡಿಬಿಟ್ರಿ ಭಾವಾ!"

ಅವನು ಸ್ಟೀರಿಂಗಿಗೆ ಹಣೆ ಚಚ್ಚಿಕೊಂಡ.

ಉಳಿದದ್ದು ತಂಗಿ ಸ್ವೆಟರಿನೊಳಗೆ ಬೆಚ್ಚಗಿಟ್ಟಿದ್ದ ವೈರ್‌ಲೆಸ್ ಸೆಟ್ಟಿನ ಬ್ಯಾಟರಿ. ಅದನ್ನು ಹಿಂಡಿದರೆ ಡಬ್ಬಿ ತುಂಬಬಹುದು, ಆದರೆ ಆಮೇಲೆ ಕೂಗಿದರೆ ಕೇಳುವವರಿಲ್ಲ. ಮೋಡ ಸರಿದರೆ ನಾಳೆ ಹೆಲಿಕಾಪ್ಟರ್ ಕಳಿಸುತ್ತೇವೆಂದು ಬೆಟ್ಟದ ಬುಡದ ಶಿಬಿರದವರು ವೈರ್‌ಲೆಸ್‌ನಲ್ಲಿ ಹೇಳಿದ್ದರು. ಅಕ್ಕನ ಪಾದ ಚಳಿಗೆ ಆಗಲೇ ಕಪ್ಪಾಗಿತ್ತು.

"ಏನ್ ಮಾಡ್ಲಿ ಅಕ್ಕಾ?"

"ಹಿಂಡು. ನಾಳೆ ತನಕ ನಾನಿರಲ್ಲ ಕಣೇ."

ತಂಗಿ ಆ ಬ್ಯಾಟರಿಯನ್ನು ಡಬ್ಬಿಗೆ ಜೋಡಿಸಿ, ಎಂಜಿನ್ ಕೆಳಗೆ ಸ್ಟವ್ ಹಚ್ಚಿದಳು. ಗಾಳಿಗೆ ಆರಿತು. ಹಚ್ಚಿದರು. ಮತ್ತೆ ಆರಿತು. ಇಬ್ಬರೂ ಮೈ ಅಡ್ಡ ಕೊಟ್ಟು ಕೂತರು. ಇದು ಆಗದ ಹೋಗದ ಮಾತು ಎಂದು ಇಬ್ಬರ ಮನಸ್ಸೂ ಹೇಳುತ್ತಿತ್ತು. ಕೊನೆಗೆ ಎಂಜಿನ್ ಬಿಸಿಯಾಯಿತು, ಡಬ್ಬಿ ತುಂಬಿ ಅದರ ಹಸಿರು ದೀಪ ಹತ್ತಿತು.

"ನೀನೇ ತಿರುಗಿಸಮ್ಮ," ಎಂದ ಭಾವ.

"ಈ ಎಂಜಿನ್ ನಿಮ್ ಮಾತೇ ಕೇಳೋದು. ತಿರುಗಿಸಿ."

ಎಂಜಿನ್ ಕೆಮ್ಮಿತು. ನಿಂತೇಹೋಯಿತು ಅನ್ನುವಷ್ಟರಲ್ಲಿ ಸ್ಟಾರ್ಟ್ ಆಯಿತು!

ಬಿರುಗಾಳಿ ಬಂದೇಬಿಟ್ಟಿತು. ದಾರಿ ಯಾವುದು, ಪ್ರಪಾತ ಯಾವುದು ತಿಳಿಯದು. ತಂಗಿ ಮುಂದೆ ನಡೆದು ಕೋಲಿನಿಂದ ಹಿಮ ಚುಚ್ಚುತ್ತಾ ದಾರಿ ತೋರಿದಳು. ನರಳಾಟ ನಿಂತಾಗಲೆಲ್ಲ ಭಾವ ಹಿಂತಿರುಗಿ, "ಲೇ, ಇದೀಯಾ?" ಎನ್ನುತ್ತಿದ್ದ. ಕೊನೆಗೂ ಶಿಬಿರ ಮುಟ್ಟಿದರು.

ಶಿಬಿರದ ಡಾಕ್ಟರು ಬಹಳ ಹೊತ್ತಿನ ಮೇಲೆ ಹೊರಬಂದರು. "ಜೀವ ಉಳೀತು. ಪಾದ ತೆಗೀಲೇಬೇಕು."

ಭಾವ ಬಿಕ್ಕಿ ಬಿಕ್ಕಿ ಅತ್ತ. ಹೊರಗೆ ಎಂಜಿನ್ ಇನ್ನೂ ಓಡುತ್ತಲೇ ಇತ್ತು. ಅದನ್ನು ನಿಲ್ಲಿಸಲು ಅವನಿಗೆ ಧೈರ್ಯವೇ ಬಂದಿರಲಿಲ್ಲ.

"ಈಗ ಆಫ್ ಮಾಡ್ಲಾಮ್ಮ?" ಎಂದು ನಾದಿನಿಯನ್ನು ಕೇಳಿದ.

"ಮಾಡಿ ಭಾವ," ಎಂದು ಅವಳೂ ಜೊತೆಗೆ ಎದ್ದಳು.