ಅರ್ಥ ಗೊತ್ತಿಲ್ಲದ ಹಾಡು

“ನೀವು ಹಾಡು ನಿಲ್ಲಿಸ್ತೀರೋ, ಇಲ್ಲಾ ನಾನೇ ಇನ್‌ಸ್ಟಿಟ್ಯೂಟ್ ಮುಚ್ಚಲೋ?”

ಕ್ಯಾಸೆಟ್ ಅಂಗಡಿಯಲ್ಲಿ ಕುಳಿತಿದ್ದ ಜಗನ್ ಗಾಬರಿಯಾಗಿ ಎದ್ದು ನಿಂತ. ಎದುರಿಗೆ ಪಕ್ಕದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ರಂಜಿನಿ ಮೇಡಂ. ಸಿಟ್ಟಿಗೆ ಮೂಗಿನ ತುದಿ ಕೆಂಪಾಗಿತ್ತು.

ಅದು 1996. ಮೂಗೂರಿನ ಜಗನ್ ನಂಜನಗೂಡಿನಲ್ಲಿ ಅಂಗಡಿ ತೆರೆದು ಇನ್ನೂ ಹದಿನೈದು ದಿನ. ಬೆಳಗಿನಿಂದ ಸಂಜೆವರೆಗೆ ಬರೀ ಇಂಗ್ಲಿಷ್ ಹಾಡು... ರಂಜಿನಿಯ ವಿದ್ಯಾರ್ಥಿಗಳು ಆ ತಾಳಕ್ಕೆ ಬೆರಳು ಕುಣಿಸುತ್ತ ಸಾಲುಗಟ್ಟಲೆ ತಪ್ಪು ಹೊಡೆಯುತ್ತಿದ್ದರು.

ಜಗನ್ ಸದ್ದು ತಗ್ಗಿಸಿದ. “ಇದ್ಕೆ ಸೋಲ್ ಮ್ಯೂಸಿಕ್ ಅಂತಾರೆ ಮೇಡಂ. ಎಪ್ಪತ್ತರ ದಶಕದ್ದು.”

“ಸೋಲಾ? ಯಾರ ಸೋಲು?”

ಅವನು ನಕ್ಕುಬಿಟ್ಟ. ಮೈಸೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಪೆಟ್ಟಿಗೆ ರೆಕಾರ್ಡು ಸಿಕ್ಕಿ, ಅಮೆರಿಕದ ಕಪ್ಪು ಗಾಯಕರ ಈ ಹಾಡುಗಳ ಹುಚ್ಚು ಹಿಡಿದದ್ದನ್ನು ಹೇಳತೊಡಗಿದ. ಕೇಳುತ್ತಿದ್ದ ರಂಜಿನಿಯ ಕಾಲು ಅವಳಿಗೇ ತಿಳಿಯದಂತೆ ತಾಳ ಹಾಕುತ್ತಿತ್ತು. ಗೊತ್ತಾದಾಗ ನಾಚಿಕೆಯಾಗಿ ಹೊರಟುಬಿಟ್ಟಳು.

ಆದರೆ ಮರುದಿನ ಮತ್ತೆ ಬಂದಳು. ಆಮೇಲೆ ದಿನಾ, ಕ್ಲಾಸು ಮುಗಿದ ಮೇಲೆ ಅರ್ಧ ಗಂಟೆ. ಅಡಿಯಲ್ಲಿ ಓಲಾಡುತ್ತ ಸಾಗುವ ಗಿಟಾರು, ಮೇಲೆ ಬೆಣ್ಣೆಯಂಥ ದನಿ... ಟೈಪ್‌ರೈಟರಿನ ಕಟಕಟವೆಲ್ಲ ತಲೆಯಿಂದ ಇಳಿದುಹೋಗುತ್ತಿತ್ತು.

‘ನಾನು ಬರೋದು ಹಾಡಿಗೋ, ಇವನಿಗೋ?’

ಒಂದು ಸಂಜೆ ಜಗನ್ ಅವಳ ಕೈಗೆ ಕ್ಯಾಸೆಟ್ ಇಟ್ಟ. “ಮೊದಲ್ನೇ ಹಾಡು ಕೇಳಿ. ನಾ ಹೇಳ್ಬೇಕಾದ್ದೆಲ್ಲ ಅದ್ರಲ್ಲೇ ಅದೆ.”

ಮನೆಯಲ್ಲಿ ಹತ್ತು ಸಲ ಕೇಳಿದಳು. ಇಂಗ್ಲಿಷ್ ಟೈಪು ಕಲಿಸುವವಳಿಗೂ ಆ ಉಚ್ಚಾರಣೆ ಒಂದಿಷ್ಟೂ ಹಿಡಿತಕ್ಕೆ ಸಿಗಲಿಲ್ಲ. ಎದುರುಮನೆಯ ಇಂಗ್ಲಿಷ್ ಮೇಷ್ಟ್ರು ಶಿವಸ್ವಾಮಿಯವರಿಗೆ ಕೇಳಿಸಿದಳು. ಹಾಡುವವನು ತನ್ನ ಹುಡುಗಿಯನ್ನು ಬಿಟ್ಟು ಹೊರಟಿದ್ದಾನೆ, ತನಗಾಗಿ ಕಾಯಬೇಡ, ಬೇರೆಯವನನ್ನು ನೋಡಿಕೋ ಅನ್ನುತ್ತಿದ್ದಾನೆ ಎಂದರು ಮೇಷ್ಟ್ರು.

‘ಇಷ್ಟೇನಾ... ಇದನ್ನ ಹೇಳೋಕೆ ಹಾಡು ಬೇಕಿತ್ತಾ?’

ರಂಜಿನಿ ಅಂಗಡಿಯತ್ತ ತಲೆ ಹಾಕುವುದನ್ನೇ ಬಿಟ್ಟಳು. ಅವಳನ್ನು ಸಾಕಿದ ಸೋದರತ್ತೆ ಮರಿತಾಯಮ್ಮ ತಿ. ನರಸೀಪುರದ ಸಂಬಂಧ ತಂದಾಗ ಬೇಡವೆನ್ನಲೂ ಮನಸ್ಸಾಗಲಿಲ್ಲ. ಗಂಡಿನವರು ಭಾನುವಾರ ಬರುವುದೆಂದಾಯಿತು.

ಶನಿವಾರ ಮಧ್ಯಾಹ್ನ ಕ್ಯಾಸೆಟ್ ಹಿಂದಿರುಗಿಸಲು ಹೋದಳು. ಜಗನ್ ಸೊರಗಿದ್ದ. ಇಷ್ಟವಿಲ್ಲದಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತು ಎಂದ.

“ಬಿಟ್ಟು ಹೋಗ್ತೀನಿ, ಕಾಯಬೇಡ ಅಂತ ಹಾಡಿಸಿದ್ದು ನೀವು.” ಮೇಷ್ಟ್ರು ಹೇಳಿದ ಅರ್ಥವನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು.

ಜಗನ್ ತಲೆಯ ಮೇಲೆ ಕೈಹೊತ್ತು ಕುಳಿತ.

“ನಂಗೆಲ್ಲಿ ಆ ಇಂಗ್ಲಿಷ್ ತಿಳೀತದೆ ಕಣ್ರೀ... ಆ ದನಿ ಕೇಳುದ್ರೆ ನಿಮ್ಮ ನೆಪ್ಪಾಯ್ತದೆ. ನಂಗೊತ್ತಿರೋದು ಅಷ್ಟೇಯ.”

ರಂಜಿನಿಗೆ ಅಳುವಿನ ನಡುವೆಯೇ ನಗು ಉಕ್ಕಿತು. ಹತ್ತು ದಿನದ ಭಾರ ಇಳಿದಂತಾಯಿತು.

“ಹಾಗಾದ್ರೆ ಕನ್ನಡದಲ್ಲಿ ಹೇಳಿ. ನಾಳೆ ನನ್ನ ನೋಡೋಕೆ ಗಂಡಿನೋರು ಬರ್ತಿದಾರೆ.”

ಅವನು ಕೈಚಾಚಿ ಹಾಡುತ್ತಿದ್ದ ಟೇಪ್ ರೆಕಾರ್ಡರ್ ನಿಲ್ಲಿಸಿದ.

“ನಿಮ್ಮನ್ನ ಮದ್ವೆ ಆಗ್ಬೇಕು ಅಂತ ಆಸೆ ನಂಗೆ. ಅವ್ರು ಬರೋಕ್ಮುಂಚೆ ನಮ್ಮವ್ವನ್ನ ಕರ್ಕೊಂಡು ಬಂದ್ಬುಡ್ಲಾ?”

“ನಾಳೆವರೆಗೆ ಯಾಕೆ? ಇವತ್ತೇ ಬನ್ನಿ. ಅತ್ತೆ ಮನೇಲೇ ಇದಾರೆ.”

“ಬತ್ತೀನಿ. ನಿಮ್ಮತ್ತೆ ಏನಂತಾರೋ...”

“ಏನಾದ್ರೂ ಅನ್ಲಿ. ನಾನು ನಿಮ್ಮ ಪಕ್ಕದಲ್ಲೇ ನಿಂತಿರ್ತೀನಿ.”